ಒಂದು ಇನ್ಶೂರೆನ್ಸ್ ನಿಂತು ಇನ್ನೊಂದು ಶುರುವಾಗೋವರೆಗೆ ಇನ್ಸುಲಿನ್ ಹೇಗೆ? (ಅಮೆರಿಕದಲ್ಲಿರೋ ಕನ್ನಡಿಗರಿಗೆ)

ತುಂಗಾತೀರ

ಲೇಆಫ್ ಸುದ್ದಿ ಬಂದಾಗಲೆಲ್ಲ ಇದೇ ಪ್ರಶ್ನೆ ಏಳುತ್ತೆ. ಉತ್ತರ ಮಾತ್ರ ಹತ್ತು ವಾಟ್ಸಾಪ್ ಗುಂಪುಗಳಲ್ಲಿ ಚೂರುಚೂರಾಗಿ ಬಿದ್ದಿದೆ. ಗೊತ್ತಿರೋರು ಇಲ್ಲಿ ಒಂದೇ ಕಡೆ ಹಾಕಿ.

ಲೆಕ್ಕಕ್ಕೆ ಒಂದು ಉದಾಹರಣೆ ಇಟ್ಕೊಳ್ಳೋಣ. ಟೈಪ್ 1 ಡಯಾಬಿಟಿಸ್, ಎಚ್-1ಬಿ ವೀಸಾ. ರಾತ್ರಿ ಲ್ಯಾಂಟಸ್ (ಇಡೀ ದಿನ ಕೆಲಸ ಮಾಡೋ ಇನ್ಸುಲಿನ್) 24 ಯೂನಿಟ್, ಮೂರು ಹೊತ್ತಿನ ಊಟಕ್ಕೆ ಹ್ಯೂಮಲಾಗ್ (ಬೇಗ ಕೆಲಸ ಮಾಡೋದು) ಒಟ್ಟು 30. ಕೆಲಸದ ಕೊನೇ ದಿನ 14ನೇ ತಾರೀಖು. ಮುಂದಿನ ಕೆಲಸ ಯಾವಾಗ ಅಂತ ಗೊತ್ತಿಲ್ಲ. ಮೊದಲು ಏನು ಮಾಡಬೇಕು? ದುಡ್ಡು ಎಷ್ಟು ಬೇಕು?

ಲೆಕ್ಕದಪುಸ್ತಕ

ಮೊದಲ ಕೆಲಸ ಎಚ್‌ಆರ್‌ಗೆ ಒಂದು ಸಾಲಿನ ಮೇಲ್: "ನನ್ನ ಹೆಲ್ತ್ ಕವರೇಜ್ ಯಾವ ತಾರೀಖಿನ ರಾತ್ರಿಗೆ ಮುಗಿಯುತ್ತೆ?" ಕೆಲವು ಕಂಪನಿಯಲ್ಲಿ ಕೊನೇ ದಿನವೇ ಮುಗಿಯುತ್ತೆ, ಎಷ್ಟೋ ಕಡೆ ತಿಂಗಳ ಕೊನೆವರೆಗೂ ಇರುತ್ತೆ. 14ಕ್ಕೂ 30ಕ್ಕೂ ನಡುವೆ ಹದಿನಾರು ದಿನ ಇದೆ, ಒಂದು ಪೂರ್ತಿ ರೀಫಿಲ್ ಅದರೊಳಗೆ ಆಗಿಹೋಗುತ್ತೆ. ಬಾಯಲ್ಲಿ ಕೇಳಬೇಡಿ, ಬರಹದಲ್ಲೇ ತರಿಸ್ಕೊಳ್ಳಿ.

ಆಮೇಲೆ ನೆನಪಿಡಬೇಕಾದ್ದು ಮೂರು ಗಡುವು. ಜನ ಇವನ್ನ ಕಲಸಿಬಿಡ್ತಾರೆ.

ಗಂಡನಿಗೋ ಹೆಂಡತಿಗೋ ಕೆಲಸ ಇದ್ದರೆ ಅವರ ಪ್ಲಾನಿಗೆ ಸೇರೋಕೆ 30 ದಿನ. ಮಾರ್ಕೆಟ್‌ಪ್ಲೇಸ್ ಪ್ಲಾನ್ (ಸರ್ಕಾರಿ ತಾಣದಲ್ಲಿ ನಾವೇ ಕೊಳ್ಳೋ ಇನ್ಶೂರೆನ್ಸ್) ತಗೊಳ್ಳೋಕೆ ಕವರೇಜ್ ಹೋಗೋ 60 ದಿನ ಮುಂಚೆಯಿಂದ ಹೋದಮೇಲೆ 60 ದಿನದವರೆಗೆ. ಕೋಬ್ರಾ (ಹಳೇ ಕಂಪನಿಯ ಪ್ಲಾನನ್ನೇ ಸ್ವಂತ ದುಡ್ಡಲ್ಲಿ ಮುಂದುವರಿಸೋದು) ಆರಿಸ್ಕೊಳ್ಳೋಕೆ 60 ದಿನ, ಆರಿಸಿದ ಮೇಲೆ ಮೊದಲ ಕಂತು ಕಟ್ಟೋಕೆ ಇನ್ನೂ 45 ದಿನ. "ಎಲ್ಲದಕ್ಕೂ ಎರಡು ತಿಂಗಳಿದೆ" ಅಂದ್ಕೊಂಡು ಕೂತವರು ಮೊದಲನೇದನ್ನೇ ಕಳ್ಕೊಳ್ಳೋದು. ಅಗ್ಗವಾಗಿ ಸಿಗ್ತಿದ್ದದ್ದೂ ಸಾಮಾನ್ಯವಾಗಿ ಅದೇ.

ಮಾರ್ಕೆಟ್‌ಪ್ಲೇಸಿನದು ಇನ್ನೊಂದು ಸೂಕ್ಷ್ಮ. ಹಳೇ ಕವರೇಜ್ 30ಕ್ಕೆ ಮುಗಿಯೋದಾದ್ರೆ, 30ರೊಳಗೆ ಪ್ಲಾನ್ ಆರಿಸಿಬಿಟ್ಟರೆ ಹೊಸದು 1ನೇ ತಾರೀಖಿಂದ ಶುರು, ಒಂದು ದಿನವೂ ಖಾಲಿ ಇಲ್ಲ. "ನೋಡೋಣ, ಕೆಲಸ ಸಿಗಬಹುದು" ಅಂತ 5ನೇ ತಾರೀಖಿಗೆ ಆರಿಸಿದ್ರೆ ಶುರುವಾಗೋದು ಅದರ ಮುಂದಿನ ತಿಂಗಳ 1ಕ್ಕೆ. ಎಚ್-1ಬಿ, ಎಚ್-4 ಇದ್ದವರೂ ಮಾರ್ಕೆಟ್‌ಪ್ಲೇಸಲ್ಲಿ ಪ್ಲಾನ್ ತಗೊಳ್ಳಬಹುದು.

ತುಂಗಾತೀರ

ಕೋಬ್ರಾ ಕಂತು ನೋಡಿದ್ರೆ ಎದೆ ಧಸಕ್ ಅನ್ನುತ್ತೆ. ಕಂಪನಿ ಕಟ್ಟುತ್ತಿದ್ದ ಪಾಲೂ ಸೇರಿ 102% ಅಲ್ವಾ. ತಗೊಳ್ಳಲೇಬೇಕಾ?

ಲೆಕ್ಕದಪುಸ್ತಕ

ಇನ್ಸುಲಿನ್ ಒಂದಕ್ಕೋಸ್ಕರ ಬೇಡ. ಅದಕ್ಕೆ ದಾರಿ ಬೇರೆ ಇದೆ, ಗುಳಿಗೆಗೌಡ್ರು ಹೇಳ್ತಾರೆ.

ಕೋಬ್ರಾದ ಉಪಯೋಗ ಇರೋದು ಆ 60 ದಿನದಲ್ಲಿ. ಆರಿಸಿ ಕಂತು ಕಟ್ಟಿದರೆ ಕವರೇಜ್ ಹೋದ ದಿನದಿಂದಲೇ ಲೆಕ್ಕಕ್ಕೆ ಬರುತ್ತೆ. ಅಂದ್ರೆ 40ನೇ ದಿನ ಕೀಟೋಆಸಿಡೋಸಿಸ್ (ಇನ್ಸುಲಿನ್ ಸಾಲದೆ ರಕ್ತ ಆಮ್ಲವಾಗೋ ಆಪತ್ತು) ಆಗಿ ಐಸಿಯು ಸೇರಿದರೂ, ಆಮೇಲೆ ಕೋಬ್ರಾ ಆರಿಸಿ ಹಿಂದಿನ ಬಾಕಿಯನ್ನೆಲ್ಲ ಕಟ್ಟಿದರೆ ಆ ಬಿಲ್ಲಿಗೂ ಕವರ್ ಇರುತ್ತೆ. ಅದಕ್ಕೇ ಕೋಬ್ರಾ ಲಕೋಟೆಯನ್ನ ಜಂಕ್ ಮೇಲ್ ಜೊತೆ ಎಸೀಬೇಡಿ, ಮೇಲಿರೋ ತಾರೀಖು ಕ್ಯಾಲೆಂಡರಲ್ಲಿ ಬರೀರಿ.

ಎಚ್ಚರ ಎರಡು. ಒಂದು, 20ಕ್ಕಿಂತ ಕಡಿಮೆ ಜನ ಇರೋ ಕಂಪನಿಗೆ ಈ ಕಾನೂನು ಅನ್ವಯಿಸಲ್ಲ. ಕೆಲವು ರಾಜ್ಯಗಳಲ್ಲಿ ಅದರದೇ ಚಿಕ್ಕ ರೂಪ ಇದೆ, ಗಡುವು ಬೇರೆ. ಎರಡು, ಕೋಬ್ರಾ ತಗೊಂಡು ನಾಲ್ಕು ತಿಂಗಳಾದ ಮೇಲೆ "ದುಬಾರಿ ಆಯ್ತು" ಅಂತ ಬಿಟ್ಟರೆ, ಬಿಟ್ಟಿದ್ದಕ್ಕೇ ಮಾರ್ಕೆಟ್‌ಪ್ಲೇಸ್ ಬಾಗಿಲು ತೆಗೆಯಲ್ಲ, ವರ್ಷದ ಓಪನ್ ಎನ್‌ರೋಲ್‌ಮೆಂಟ್‌ವರೆಗೆ ಕಾಯಬೇಕು.

ಶಾರ್ಟ್-ಟರ್ಮ್ ಪ್ಲಾನ್ ಅಂತ ಫೋನ್ ಮೇಲೆ ಫೋನ್ ಬರುತ್ತೆ. ಮೊದಲೇ ಇರೋ ಕಾಯಿಲೆಗೆ ಅದು ನಯಾಪೈಸೆ ಕೊಡಲ್ಲ. ಡಯಾಬಿಟಿಸ್ ಇದ್ದವರಿಗೆ ಅದು ಬರೀ ಕಾಗದ.

ಗುಳಿಗೆಗೌಡ

ಫಾರ್ಮಸಿ ಕೌಂಟರ್ ಒಳಗಿನ ಕಡೆಯಿಂದ ಹೇಳ್ತೀನಿ. ಇನ್ಸುಲಿನ್ ಅಂದ್ರೆ ವಯಲ್ಲಿಗೆ (ಸಣ್ಣ ಬಾಟಲಿಗೆ) ಮುನ್ನೂರು ಡಾಲರ್ ಅನ್ನೋ ಹೆದರಿಕೆ ಇನ್ನೂ ಜನರ ತಲೇಲಿದೆ. 2023-24ರಲ್ಲಿ ಇನ್ಸುಲಿನ್ ಮಾಡೋ ಮೂರೂ ಕಂಪನಿ (ಲಿಲ್ಲಿ, ಸನೋಫಿ, ನೋವೊ) ಪಟ್ಟಿ ಬೆಲೆ ಇಳಿಸಿದ ಮೇಲೆ ಲೆಕ್ಕ ಬೇರೆ. 2024ರ ಜನವರಿಯಿಂದ ಲ್ಯಾಂಟಸ್ 10 ಎಂಎಲ್ ವಯಲ್ ಪಟ್ಟಿ ಬೆಲೆ 64 ಡಾಲರ್, ಐದು ಪೆನ್ನಿನ ಪೆಟ್ಟಿಗೆ 96. ನೋವೊಲಾಗ್ (ಹ್ಯೂಮಲಾಗ್ ಥರದ್ದೇ, ನೋವೊ ಕಂಪನಿದು) ವಯಲ್ 72ರ ಆಸುಪಾಸು. ಹ್ಯೂಮಲಾಗ್‌ನ ಬ್ರಾಂಡಿಲ್ಲದ ರೂಪ, ಲೇಬಲ್ ಮೇಲೆ ಬರೀ "ಇನ್ಸುಲಿನ್ ಲಿಸ್ಪ್ರೊ" ಅಂತಿರುತ್ತೆ, ಅದೇ ಲಿಲ್ಲಿ ಕಂಪನಿದು, ಬಾಟಲಿ ಒಳಗಿರೋದೂ ಅದೇ: 2023ರ ಮೇ 1ರಿಂದ ವಯಲ್ 25 ಡಾಲರ್. ಅಂಗಡಿಯವರು ಒಂದಿಷ್ಟು ಸೇರಿಸಬಹುದು.

ಇದರ ಮೇಲೆ, 35 ಡಾಲರಿಗೆ ಇನ್ಸುಲಿನ್ ಸಿಗೋ ಹಾಗೆ ಕಂಪನಿಗಳೇ ಕೊಡೋ ರಿಯಾಯಿತಿ ಕಾರ್ಡು. ಲಿಲ್ಲಿಯದು ಇನ್ಸುಲಿನ್ ವ್ಯಾಲ್ಯೂ ಪ್ರೋಗ್ರಾಂ, ಇನ್ಶೂರೆನ್ಸ್ ಇಲ್ಲದವರಿಗೂ ಇದೆ, ಖಾಸಗಿ ಇನ್ಶೂರೆನ್ಸ್ ಇದ್ದವರಿಗೂ ಇದೆ. ಸನೋಫಿಯದು ವ್ಯಾಲ್ಯೂ ಸೇವಿಂಗ್ಸ್. ಮುಂಚೆ ಇನ್ಶೂರೆನ್ಸ್ ಇಲ್ಲದವರಿಗೆ ಮಾತ್ರ ಇತ್ತು, 2026ರ ಜನವರಿಯಿಂದ ಪ್ರಿಸ್ಕ್ರಿಪ್ಷನ್ ಇದ್ದ ಎಲ್ಲರಿಗೂ ತೆರೆದಿದ್ದಾರೆ. ನೋವೊದು ಮೈಇನ್ಸುಲಿನ್ಆರ್‌ಎಕ್ಸ್. ಯಾವುದಕ್ಕೆ ಯಾವ ಕಾರ್ಡು ಅಂತ ಗೊಂದಲ ಆದ್ರೆ ಗೆಟ್‌ಇನ್ಸುಲಿನ್ ಡಾಟ್ ಆರ್ಗ್‌ಗೆ ಹೋಗಿ. ಇನ್ಸುಲಿನ್ ಹೆಸರು, ರಾಜ್ಯ, ಕವರೇಜ್ ಇದೆಯೋ ಇಲ್ಲವೋ ಅಂತ ಹಾಕಿದ್ರೆ ಅದೇ ತೋರಿಸುತ್ತೆ.

ಈಗ ಕೌಂಟರಲ್ಲಿ ಏನು ಕೆಡುತ್ತೆ ಅಂತ ಕೇಳಿ. ಕಾರ್ಡಿನ ಮೇಲೆ ನಾಲ್ಕು ಸಂಖ್ಯೆ ಇರ್ತವೆ: ಬಿನ್, ಪಿಸಿಎನ್, ಗ್ರೂಪ್, ಐಡಿ. ಫಾರ್ಮಸಿ ಕಂಪ್ಯೂಟರಲ್ಲಿ ನಿಮ್ಮ ಹಳೇ ಇನ್ಶೂರೆನ್ಸ್ ಇನ್ನೂ ಮೊದಲ ಜಾಗದಲ್ಲಿ ಕೂತಿರುತ್ತೆ. ಹುಡುಗ ಕಾರ್ಡನ್ನ ಎರಡನೇದಾಗಿ ಸೇರಿಸ್ತಾನೆ. ಮೊದಲನೇದು "ಕವರೇಜ್ ಮುಗಿದಿದೆ" ಅಂತ ವಾಪಸ್ ಬರುತ್ತೆ, ಎರಡನೇದು ಓಡೋದೇ ಇಲ್ಲ, ಪರದೆ ಮೇಲೆ ಪೂರ್ತಿ ಬೆಲೆ ಬರುತ್ತೆ. ಅವನು "ಕಾರ್ಡ್ ವರ್ಕ್ ಆಗ್ತಿಲ್ಲ" ಅಂತಾನೆ, ನೀವು ಸಪ್ಪೆ ಮುಖ ಮಾಡ್ಕೊಂಡು ಬರ್ತೀರಿ. ಹೇಳಬೇಕಾದ್ದು ಇಷ್ಟೆ: "ಹಳೇ ಇನ್ಶೂರೆನ್ಸ್ ತೆಗೀರಿ, ಈ ಕಾರ್ಡನ್ನೇ ಪ್ರೈಮರಿ ಮಾಡಿ ಓಡಿಸಿ." ಆಗಲಿಲ್ಲ ಅಂದ್ರೆ ಕಾರ್ಡಿನ ಹಿಂದೆ ಫಾರ್ಮಸಿಯವರಿಗೇ ಅಂತ ಇರೋ ಫೋನ್ ನಂಬರಿಗೆ ಅಲ್ಲೇ ಮಾಡಿಸಿ. ಐದು ನಿಮಿಷದ ಕೆಲಸ.

ಮೆಡಿಕೇಡ್, ಮೆಡಿಕೇರ್ ಅನ್ನೋ ಸರ್ಕಾರಿ ಇನ್ಶೂರೆನ್ಸ್ ಇದ್ದವರಿಗೆ ಕಂಪನಿಗಳ ಕೋಪೇ ಕಾರ್ಡು (ಇನ್ಶೂರೆನ್ಸ್ ಜೊತೆ ಸೇರಿಸಿ ಓಡಿಸೋದು) ಓಡಲ್ಲ, ಕಾನೂನೇ ಅಡ್ಡ. ಮೆಡಿಕೇರಲ್ಲಿ ಹೇಗೂ 2023ರಿಂದ ತಿಂಗಳಿಗೆ 35ರ ಮಿತಿ ಇದೆ.

ಕುಡ್ಲದವ

ಒಂದು ಸಂಶಯ ಮಾರಾಯ್ರೆ. ಈ ಕಾರ್ಡು ತೆಗೊಂಡ್ರೆ ಮುಂದೆ ಗ್ರೀನ್ ಕಾರ್ಡಿಗೆ ಪಬ್ಲಿಕ್ ಚಾರ್ಜ್ (ಸರ್ಕಾರಕ್ಕೆ ಹೊರೆ) ಅಂತ ತೊಂದರೆ ಉಂಟಾ?

ಲೆಕ್ಕದಪುಸ್ತಕ

ಇಲ್ಲ. ಅದು ಕಂಪನಿ ಕೊಡೋ ರಿಯಾಯಿತಿ, ಸರ್ಕಾರಿ ದುಡ್ಡಲ್ಲ.

ಗುಳಿಗೆಗೌಡ

ತುಂಗಾತೀರ ಅವರ ಉದಾಹರಣೆಗೆ ಲೆಕ್ಕ ಹಾಕೋಣ. ಒಂದು ಪೆನ್ 3 ಎಂಎಲ್, 300 ಯೂನಿಟ್. ಪೆಟ್ಟಿಗೆಯಲ್ಲಿ ಐದು, 1500. ವಯಲ್ 1000.

ಲ್ಯಾಂಟಸ್ ಪೆನ್: ದಿನಕ್ಕೆ 24, ಜೊತೆಗೆ ಚುಚ್ಚೋ ಮುಂಚೆ ಗಾಳಿ ತೆಗೆಯೋಕೆ 2, ಒಟ್ಟು 26. ಒಂದು ಪೆಟ್ಟಿಗೆ 57 ದಿನ. ಹ್ಯೂಮಲಾಗ್ ಪೆನ್: 30, ಮೂರು ಸಲ ಗಾಳಿ ತೆಗೆಯೋಕೆ 6, ಒಟ್ಟು 36. ಒಂದು ಪೆಟ್ಟಿಗೆ 41 ದಿನ. ಎರಡೂ ಪೆಟ್ಟಿಗೆ ಕಾರ್ಡ್ ಮೇಲೆ ತಗೊಂಡ್ರೆ 70 ಡಾಲರಿಗೆ ನಲವತ್ತು ದಿನ ದಾಟುತ್ತೆ.

ವಯಲ್ ಆದ್ರೆ ಗಾಳಿ ತೆಗೆಯೋ ಲೆಕ್ಕ ಇಲ್ಲ. ಆದರೆ ತೆರೆದ ಮೇಲೆ 28 ದಿನ ಅಷ್ಟೆ. 24ರಂತೆ 28 ದಿನಕ್ಕೆ 672 ಯೂನಿಟ್, ಉಳಿದದ್ದು ಚೆಲ್ಲಬೇಕು. ಲಿಸ್ಪ್ರೊ 30ರಂತೆ 840. ಲಿಸ್ಪ್ರೊ ವಯಲ್ ಬರೀ ಪಟ್ಟಿ ಬೆಲೆಗೇ 25 ಅಂದ್ರೆ ಕಾರ್ಡಿಗಿಂತಲೂ ಕಮ್ಮಿ. ಅದಕ್ಕೇ ಕವರೇಜ್ ಇರೋವಾಗಲೇ ಡಾಕ್ಟ್ರ ಹತ್ರ ಪೆನ್ನಿಗೊಂದು, ವಯಲ್ಲಿಗೊಂದು ಪ್ರಿಸ್ಕ್ರಿಪ್ಷನ್ ಬರೆಸಿ ಇಟ್ಕೊಳ್ಳಿ. ವಯಲ್ ಅಂದ್ರೆ ಸಿರಿಂಜಿಗೂ.

ಗಾಳಿ ತೆಗೆಯೋ 2 ಯೂನಿಟ್ ಉಳಿಸ್ತೀನಿ ಅಂತ ಬಿಡಬೇಡಿ. ಸೂಜಿ ಕಟ್ಟಿದೆಯೋ ಇಲ್ಲವೋ ಗೊತ್ತಾಗೋದೇ ಆ ಹನಿಯಿಂದ. ಸೂಜಿಯನ್ನ ಪೆನ್ನಿಗೆ ಸಿಕ್ಕಿಸಿಯೇ ಇಡೋದೂ ಬೇಡ. ಹನಿ ಸೋರುತ್ತೆ, ಒಳಗೆ ಗಾಳಿ ಸೇರುತ್ತೆ, 10 ತಿರುಗಿಸಿದ್ರೆ 8 ಹೋಗುತ್ತೆ.

ಬಾದಾಮಿಬಂಡೆ

ಅದ್ರಾಗ ಇನ್ನೊಂದ್ ಮಾತ್ ಸೇರಿಸ್ತೀನಿ ಗೌಡ್ರ. ಲ್ಯಾಂಟಸ್ ಅಂತ ಬರೆದ ಚೀಟಿಗೆ ಅಂಗಡ್ಯಾಗ ಏನೇನ್ ಕೊಡಬಹುದು ಅಂತ ಮಂದೀಗೆ ಗೊತ್ತಿಲ್ಲ. ಲ್ಯಾಂಟಸ್ ಒಳಗಿನ ಔಷಧದ ಹೆಸರು ಗ್ಲಾರ್ಜಿನ್. ಗ್ಲಾರ್ಜಿನ್-ವೈಎಫ್‌ಜಿಎನ್, ರೆಜ್ವೊಗ್ಲಾರ್ ಇವೆರಡೂ "ಇಂಟರ್‌ಚೇಂಜಬಲ್" ಅಂತ ಎಫ್‌ಡಿಎ ಮುದ್ರೆ ಒತ್ತೇತಿ. ಡಾಕ್ಟರ್‌ಗೆ ಫೋನ್ ಹಚ್ಚದನ ಬದಲಿ ಕೊಡಬಹುದು. ಬಸಾಗ್ಲಾರ್ ಹಂಗಲ್ಲ, ಅದೂ ಗ್ಲಾರ್ಜಿನ್ನ ಆದ್ರೂ ಹೊಸಾ ಚೀಟಿ ಬೇಕು. ಹ್ಯೂಮಲಾಗ್ ಚೀಟಿಗೆ ಲಿಸ್ಪ್ರೊ ಕೊಡ್ತಾರ, ನೋವೊಲಾಗ್ ಕೊಡಂಗಿಲ್ಲ.

ಅಂದಹಾಗ ವೈಎಫ್‌ಜಿಎನ್ ಯಾರದು ಗೊತ್ತೇನ್ರಿ? ನಮ್ಮ ಬೆಂಗಳೂರಿನ ಬಯೋಕಾನ್ದು. 2021ರ ಜುಲೈದಾಗ ಅಮೆರಿಕದಾಗ ಮೊಟ್ಟಮೊದಲ ಇಂಟರ್‌ಚೇಂಜಬಲ್ ಇನ್ಸುಲಿನ್ ಅಂತ ಒಪ್ಪಿಗೆ ಸಿಕ್ಕಿದ್ದು ಅದಕ್ಕ. ಕ್ಯಾಲಿಫೋರ್ನಿಯಾ ಸರ್ಕಾರ ಕ್ಯಾಲ್‌ಆರ್‌ಎಕ್ಸ್ ಹೆಸರಿನಾಗ 2026ರ ಜನವರಿ 1ರಿಂದ ಮಾರಾಕ ಹತ್ತಿದ ಪೆನ್ನೂ ಅದ. ಸಿವಿಕಾ ಅನ್ನೋ ಲಾಭಕ್ಕಲ್ಲದ ಸಂಸ್ಥೆ ಮೂಲಕ ಬರ್ತದ, ಐದು ಪೆನ್ನಿಗೆ 55 ಡಾಲರ್ ಮೀರಬಾರದು ಅಂತ ಹಾಕ್ಯಾರ. ಕಾರ್ಡು, ಫಾರ್ಮು ಯಾವ ರಗಳೀನೂ ಇಲ್ಲ. ಬೇ ಏರಿಯಾದವ್ರು ಅಂಗಡ್ಯಾಗ ಹೆಸರು ಹಿಡಿದು ಕೇಳ್ರಿ.

ತುಂಗಾತೀರ

ಚೆನ್ನಾಗಿದೆ. ಆದ್ರೆ ಡಾಕ್ಟ್ರೇ ಇಲ್ಲ, ಪ್ರಿಸ್ಕ್ರಿಪ್ಷನ್ ಮುಗಿದಿದೆ, ಶುಕ್ರವಾರ ಸಂಜೆ, ಪೆನ್ನಲ್ಲಿ 40 ಯೂನಿಟ್ ಇದೆ. ಆಗ?

ಗುಳಿಗೆಗೌಡ

ಈ ತಾಪತ್ರಯವೇ ಜಾಸ್ತಿ, ಬೆಲೆಯದಲ್ಲ.

ಮೊದಲು ನಿಮ್ಮ ಮಾಮೂಲಿ ಫಾರ್ಮಸಿಗೇ ಹೋಗಿ, ಅಲ್ಲಿ ಹಳೇ ದಾಖಲೆ ಇರುತ್ತೆ. ಕೌಂಟರಲ್ಲಿರೋ ಹುಡುಗನ ಹತ್ರ ಅಲ್ಲ, ಫಾರ್ಮಸಿಸ್ಟ್ ಹತ್ರ ಮಾತಾಡ್ತೀನಿ ಅನ್ನಿ, "ಎಮರ್ಜೆನ್ಸಿ ರೀಫಿಲ್" ಅನ್ನೋ ಮಾತನ್ನೇ ಬಳಸಿ. ಓಹಾಯೊದಲ್ಲಿ ಕೆವಿನ್ ಹೌಡ್‌ಶೆಲ್ ಅನ್ನೋರು 2014ರಲ್ಲಿ ತೀರಿಕೊಂಡರು. ಹೊಸವರ್ಷದ ರಜೆಯಲ್ಲಿ ಡಾಕ್ಟರ್ ಸಿಗದೆ ರೀಫಿಲ್ ಆಗಿರಲಿಲ್ಲ. ಆಮೇಲೆ ಅವರ ಹೆಸರಲ್ಲೇ ಕಾನೂನು ಬಂತು, ಬೇರೆ ಹಲವು ರಾಜ್ಯಗಳೂ ಅದೇ ದಾರಿ ಹಿಡಿದವು. ಎಷ್ಟು ದಿನಕ್ಕೆ ಕೊಡಬಹುದು ಅನ್ನೋದು ರಾಜ್ಯಕ್ಕೆ ತಕ್ಕ ಹಾಗೆ. ಇದು ಪುಕ್ಕಟೆ ಅಲ್ಲ, ಕೊಡೋ ಅಧಿಕಾರ ಅಷ್ಟೆ. ದುಡ್ಡು ಕಾರ್ಡ್ ಮೇಲೆ.

ಮಿನ್ನೆಸೋಟಾದಲ್ಲಿರೋರಿಗೆ ಇನ್ನೂ ಒಳ್ಳೇದಿದೆ. ಅಲೆಕ್ ಸ್ಮಿತ್ 26ಕ್ಕೆ ಕಾಲಿಟ್ಟು ತಾಯಿಯ ಇನ್ಶೂರೆನ್ಸಿಂದ ಹೊರಬಿದ್ದ ಸ್ವಲ್ಪ ದಿನಕ್ಕೇ, 2017ರಲ್ಲಿ, ಇನ್ಸುಲಿನ್ ಕಡಿಮೆ ಮಾಡ್ಕೊಂಡು ಜೀವ ಕಳ್ಕೊಂಡ ಹುಡುಗ. ಅವನ ಹೆಸರಿನ ಕಾನೂನು 2020ರ ಜುಲೈಯಿಂದ ಇದೆ. ಏಳು ದಿನಕ್ಕಿಂತ ಕಡಿಮೆ ಇನ್ಸುಲಿನ್ ಉಳಿದಿದೆ ಅಂತ ಫಾರ್ಮಸಿಯಲ್ಲೇ ಅರ್ಜಿ ತುಂಬಿ, ಆ ರಾಜ್ಯದ ಐಡಿ ತೋರಿಸಿದ್ರೆ 30 ದಿನದ್ದು ಕೊಡ್ತಾರೆ, 35 ಡಾಲರ್ ಮೀರಲ್ಲ. ವರ್ಷಕ್ಕೊಮ್ಮೆ.

ಇನ್ನುಳಿದಂತೆ ಟೆಲಿಹೆಲ್ತ್ ಡಾಕ್ಟ್ರು ಹಳೇ ಡಬ್ಬಿ ಲೇಬಲ್ ನೋಡಿ ಬರೆದುಕೊಡ್ತಾರೆ. ಖಾಲಿ ಪೆಟ್ಟಿಗೆ ಎಸೀಬೇಡಿ ಅನ್ನೋದು ಅದಕ್ಕೇ.

ಮಲೆನಾಡಕ್ಕ

ಡಯಾಬಿಟಿಸ್ ಎಜುಕೇಟರ್ ಆಗಿ ನನ್ನ ಪಾಲಿಂದು ಹೇಳ್ತೀನಿ. ಅದೂ ಸಿಗದಿದ್ದರೆ ವಾಲ್‌ಮಾರ್ಟಿನ ರಿಲೈಆನ್ ನೊವೊಲಿನ್. ಆರ್, ಎನ್, ಎರಡರ ಮಿಶ್ರಣ 70/30 ಅಂತ ಮೂರು, ವಯಲ್ ಸುಮಾರು 25 ಡಾಲರ್. ಇಂಡಿಯಾನಾ ಬಿಟ್ಟು ಬೇರೆಲ್ಲ ಕಡೆ ಪ್ರಿಸ್ಕ್ರಿಪ್ಷನ್ ಬೇಡ, ಆದ್ರೆ ಶೆಲ್ಫಲ್ಲಿ ಇರಲ್ಲ, ಕೌಂಟರಲ್ಲಿ ಕೇಳಬೇಕು. ಜೀವ ಉಳಿಸೋ ವಸ್ತು. ಆದ್ರೆ ಲ್ಯಾಂಟಸ್-ಹ್ಯೂಮಲಾಗ್ ಅಂದ್ಕೊಂಡು ಹಾಗೇ ಚುಚ್ಚಿದ್ರೆ ಜೀವಕ್ಕೇ ಕುತ್ತು. ಇದು ಹಳೇ ಕಾಲದ ಹ್ಯೂಮನ್ ಇನ್ಸುಲಿನ್.

ಆರ್ ಕೆಲಸ ಶುರುಮಾಡೋಕೆ ಅರ್ಧ ಗಂಟೆ ಬೇಕು. ತಟ್ಟೆ ಹಾಕೋ ಹೊತ್ತಿಗಲ್ಲ, ಕುಕ್ಕರ್ ಕೂಗೋ ಹೊತ್ತಿಗೆ ಚುಚ್ಚಬೇಕು. ಜೋರಾಗಿರೋದು 2ರಿಂದ 4 ಗಂಟೆ, ಬಾಲ 6-8 ಗಂಟೆವರೆಗೆ. ಹ್ಯೂಮಲಾಗ್ ಥರ ಎರಡು ಗಂಟೆಗೆ ಶುಗರ್ ನೋಡಿ "ಇಳಿದಿಲ್ಲ" ಅಂತ ಮತ್ತೆ ಚುಚ್ಚಿದ್ರೆ ಎರಡು ಡೋಸು ಒಂದರ ಮೇಲೊಂದು ಕೂತು ನಾಲ್ಕನೇ ಗಂಟೆಗೆ ಲೋ ಆಗುತ್ತೆ.

ಎನ್ ಅನ್ನೋದು ಹಾಲಿನಂತೆ ಬೆಳ್ಳಗಿರೋದು. ಲ್ಯಾಂಟಸ್ ಥರ ಸಮತಟ್ಟಾಗಿ ಹೋಗಲ್ಲ, 4ರಿಂದ 12 ಗಂಟೆ ನಡುವೆ ಏರುತ್ತೆ, 12-18 ಗಂಟೆಗೆ ಮುಗಿಯುತ್ತೆ. ಅದಕ್ಕೆ ದಿನಕ್ಕೆರಡು ಸಲ. ಬೆಳಿಗ್ಗೆ ಚುಚ್ಚಿದ್ದು ಮಧ್ಯಾಹ್ನ ಏರೋದ್ರಿಂದ ಊಟ ತಪ್ಪಿಸೋ ಹಾಗಿಲ್ಲ. ಏಕಾದಶಿ, ಶನಿವಾರದ ಒಪ್ಪೊತ್ತು ಎಲ್ಲ ಆ ತಿಂಗಳು ಬದಿಗಿಡಿ. ರಾತ್ರಿಯದು ನಡುರಾತ್ರಿ ಏರುತ್ತೆ, ಮೊದಲ ನಾಲ್ಕೈದು ದಿನ 2-3 ಗಂಟೆಗೆ ಅಲಾರಾಂ ಇಟ್ಟು ಶುಗರ್ ನೋಡಲೇಬೇಕು.

ಡೋಸ್ ಬದಲಾವಣೆ ಡಾಕ್ಟ್ರನ್ನೋ ಫಾರ್ಮಸಿಸ್ಟನ್ನೋ ಕೇಳಿಯೇ. ಅವರು ಸಾಮಾನ್ಯವಾಗಿ ಹಿಡಿಯೋ ಲೆಕ್ಕ ಗೊತ್ತಿದ್ರೆ ಫೋನಲ್ಲಿ ಮಾತು ಬೇಗ ಮುಗಿಯುತ್ತೆ: ಲ್ಯಾಂಟಸ್ ಡೋಸಲ್ಲಿ ಐದನೇ ಒಂದು ಭಾಗ ಕಡಿಮೆ ಮಾಡ್ತಾರೆ, ಉಳಿದದ್ದರಲ್ಲಿ ಮೂರನೇ ಎರಡು ಬೆಳಿಗ್ಗೆ, ಒಂದು ರಾತ್ರಿ. 24 ಇದ್ದದ್ದು 19 ಆಗಿ, 13 ಮತ್ತು 6. ಅಲ್ಲಿಂದ ಶುಗರ್ ನೋಡಿ ಹೆಚ್ಚುಕಮ್ಮಿ.

ಎನ್ ವಯಲನ್ನ ಅಂಗೈ ನಡುವೆ ಉರುಳಿಸಬೇಕು, ಬೆಣ್ಣೆ ಕಡೆದ ಹಾಗೆ ಕುಲುಕಬಾರದು. ಹತ್ತಿಪ್ಪತ್ತು ಸಲ ಉರುಳಿಸಿದ ಮೇಲೂ ಗಾಜಿಗೆ ಹಿಮದ ಥರ ಚುಕ್ಕೆ ಅಂಟಿದ್ರೆ, ಗಂಟು ತೇಲಿದ್ರೆ ಎಸೀರಿ. ಆರ್, ಎನ್ ಒಂದೇ ಸಿರಿಂಜಿಗೆ ಎಳೆಯೋದಾದ್ರೆ ತಿಳಿಯಾಗಿರೋ ಆರ್ ಮೊದಲು, ಮೋಡದಂತಿರೋ ಎನ್ ಆಮೇಲೆ. ಲ್ಯಾಂಟಸ್ ಜೊತೆ ಯಾವುದನ್ನೂ ಬೆರೆಸಬೇಡಿ.

ಕುಡ್ಲದವ

ಅಕ್ಕ, ಊರಿಂದ ಬಂದ ಅಪ್ಪ-ಅಮ್ಮನ ಕತೆ ಹೇಳಿ. ವಿಸಿಟರ್ ಇನ್ಶೂರೆನ್ಸಲ್ಲಿ ಇನ್ಸುಲಿನ್ ಸಿಗುದಿಲ್ಲ. ಅವರು ತಂದ ಮಿಕ್ಸ್ಟಾರ್ಡ್ ಮುಗಿದ್ರೆ ಎಂತ ಮಾಡುದು?

ಮಲೆನಾಡಕ್ಕ

ವಿಸಿಟರ್ ಪಾಲಿಸಿಯ "ಅಕ್ಯೂಟ್ ಆನ್‌ಸೆಟ್" ಅನ್ನೋದು ದಿಢೀರ್ ಬಂದ ಆಪತ್ತಿಗೆ, ದಿನದ ಔಷಧಿಗಲ್ಲ. ಆದ್ರೆ ಮಿಕ್ಸ್ಟಾರ್ಡಿಗೆ ಇಲ್ಲಿ ಜೋಡಿ ಸಿಗುತ್ತೆ. ಊರಲ್ಲಿ 30/70 ಅಂತ ಬರೆಯೋದು, ಇಲ್ಲಿ 70/30. ಅಲ್ಲಿ ತಿಳಿ ಇನ್ಸುಲಿನ್ನಿನ ಪಾಲನ್ನ ಮೊದಲು ಹೇಳ್ತಾರೆ, ಇಲ್ಲಿ ಮೋಡದಂತಿರೋದರ ಪಾಲನ್ನ. ವಸ್ತು ಒಂದೇ. ಮಿಕ್ಸ್ಟಾರ್ಡ್, ಇನ್ಸುಜೆನ್ 30/70, ಹ್ಯೂಮಿನ್ಸುಲಿನ್ 30/70 ತಗೊಳ್ಳೋರಿಗೆ ವಾಲ್‌ಮಾರ್ಟಿನ ನೊವೊಲಿನ್ 70/30. ಊರಲ್ಲಿ ನೋವೊರ‍್ಯಾಪಿಡ್ ಅನ್ನೋದು ಇಲ್ಲಿ ನೋವೊಲಾಗ್.

ಈಗ ಮುಖ್ಯ ವಿಷಯ, ದಯವಿಟ್ಟು ಎರಡು ಸಲ ಓದಿ. ನಮ್ಮೂರಿನ ಹ್ಯೂಮನ್ ಇನ್ಸುಲಿನ್ ವಯಲ್ ಸಾಮಾನ್ಯವಾಗಿ ಎಂಎಲ್‌ಗೆ 40 ಯೂನಿಟ್, ಅದರ ಸಿರಿಂಜಿನ ಮುಚ್ಚಳ ಕೆಂಪು. ಇಲ್ಲಿನ ವಯಲ್ ಎಂಎಲ್‌ಗೆ 100, ಸಿರಿಂಜಿನ ಮುಚ್ಚಳ ಕಿತ್ತಳೆ. ಅಮ್ಮ ಊರಿಂದ ತಂದ ಕೆಂಪು ಮುಚ್ಚಳದ ಸಿರಿಂಜಲ್ಲಿ ಇಲ್ಲಿನ ಬಾಟಲಿಂದ "ಇಪ್ಪತ್ತು" ಗೆರೆವರೆಗೆ ಎಳೆದರೆ ಒಳಗೆ ಬಂದಿರೋದು ಅರ್ಧ ಎಂಎಲ್, ಅಂದ್ರೆ 50 ಯೂನಿಟ್. ಎರಡೂವರೆ ಪಟ್ಟು. ತಿರುವುಮುರುವಾದ್ರೆ, ಊರಿನ ಬಾಟಲಿಗೆ ಇಲ್ಲಿನ ಸಿರಿಂಜಲ್ಲಿ 20 ಎಳೆದರೆ ಹೋಗೋದು 8 ಯೂನಿಟ್ ಮಾತ್ರ. ಇಲ್ಲಿ ಬಾಟಲಿ ಕೊಂಡ ದಿನವೇ ಕೆಂಪು ಸಿರಿಂಜನ್ನೆಲ್ಲ ಮನೆಯಿಂದ ಆಚೆ ಹಾಕಿ. ಇಲ್ಲಿ 40ರ ಸಿರಿಂಜ್ ಸಿಗೋದು ನಾಯಿ-ಬೆಕ್ಕಿನ ಇನ್ಸುಲಿನ್‌ಗೆ, ಅಮೆಜಾನಲ್ಲಿ ಅಗ್ಗ ಅಂತ ಅದನ್ನ ತರಿಸೋರೂ ಇದ್ದಾರೆ. ಪೆನ್ನು, ಕಾರ್ಟ್ರಿಜ್ ಎರಡೂ ದೇಶದಲ್ಲಿ ಸಾಮಾನ್ಯವಾಗಿ 100, ಅಲ್ಲಿ ಈ ಗಂಡಾಂತರ ಇಲ್ಲ.

ವಿಮಾನದಲ್ಲಿ ಇನ್ಸುಲಿನ್ ಕೈಚೀಲದಲ್ಲೇ ಇರಲಿ. ಚೆಕ್-ಇನ್ ಸೂಟ್‌ಕೇಸಿಗೆ ಹಾಕಿದ್ದು ಹೆಪ್ಪುಗಟ್ಟಿದ್ರೆ ಕರಗಿದ ಮೇಲೂ ಕೆಲಸಕ್ಕೆ ಬರಲ್ಲ. ಅಂಗಡಿಯ ಮೂಲ ಡಬ್ಬಿ, ಇಂಗ್ಲಿಷಲ್ಲಿ ಡಾಕ್ಟ್ರ ಪತ್ರ, ಸುಮಾರು 90 ದಿನದ ಅಳತೆ.

ಬೆಣ್ಣೆನಗರಿ

ಹಂಗಾದ್ರೆ ಅವರ ಜೊತೆ ನಮಗೂ ಆರು ತಿಂಗಳಿಗಾಗೋಷ್ಟು ತರಿಸಿದ್ರಾಯ್ತಲ್ಲ ಗುರು? ಇಲ್ಲಾಂದ್ರೆ ಕೆನಡಾಗೆ ಹೋಗಿಬರೋದು, ಅಲ್ಲಿ ಪ್ರಿಸ್ಕ್ರಿಪ್ಷನ್ನೇ ಕೇಳಲ್ವಂತೆ.

ಲೆಕ್ಕದಪುಸ್ತಕ

ಎರಡೂ ಬೇಡ. ಅವರು ತರೋದಕ್ಕೆ ಕಸ್ಟಮ್ಸ್ ಸುಮ್ಮನಿರೋದು ತಂದವರ ಸ್ವಂತ ಬಳಕೆಗೆ ಅಂತ. ನಿಮ್ಮ ಹೆಸರಿನದ್ದು ಅವರ ಚೀಲದಲ್ಲಿ ಸಿಕ್ಕಿದ್ರೆ ಉತ್ತರ ಕೊಡಬೇಕಾದವರು ಅಪ್ಪ. ಕೊರಿಯರ್ ಅಂತೂ ಕೇಳಲೇಬೇಡಿ, ಗೋದಾಮಿನ ಸೆಕೆಯಲ್ಲಿ ಬೆಂದು ಬರುತ್ತೆ.

ಕೆನಡಾದಲ್ಲಿ ಚೀಟಿ ಕೇಳಲ್ಲ ಅನ್ನೋದು ನಿಜ. ಆದ್ರೆ ಕೆಲಸ ಹೋದ ಎಚ್-1ಬಿಯವರಿಗೆ ಇರೋದು 60 ದಿನದ ಗ್ರೇಸ್ ಪೀರಿಯಡ್, ಅದೂ ದೇಶದ ಒಳಗಿದ್ರೆ. ಗಡಿ ದಾಟಿ ವಾಪಸ್ ಬರುವಾಗ "ಯಾವ ಕಂಪನಿ?" ಅಂದ್ರೆ ಏನಂತೀರಿ? 35 ಡಾಲರ್ ಸಾಮಾನಿಗೆ ವೀಸಾ ಪಣಕ್ಕಿಡೋದು ಯಾವ ಲೆಕ್ಕ.

ಬೆಣ್ಣೆನಗರಿ

ಸರಿ ಸರಿ, ಒಪ್ಪಿದೆ 🙏 ಇನ್ಸುಲಿನ್ ಬಿಟ್ಟು ಉಳಿದದ್ದು? ಮೈಗೆ ಅಂಟಿಸಿ ಶುಗರ್ ನೋಡೋ ಸೆನ್ಸರ್, ಇನ್ಸುಲಿನ್ ಪಂಪ್, ಸ್ಟ್ರಿಪ್?

ಮಲೆನಾಡಕ್ಕ

ಕವರೇಜ್ ಹೋದಾಗ ಕೈ ಸುಡೋದು ಇಲ್ಲೇ. ಸೆನ್ಸರ್ ನಿಂತ್ರೆ ಸ್ಟ್ರಿಪ್ಪಿಗೆ ವಾಪಸ್, ಅಷ್ಟೆ. ವಾಲ್‌ಮಾರ್ಟಿನ ರಿಲೈಆನ್ ಪ್ರೈಮ್ ಸ್ಟ್ರಿಪ್ 50ಕ್ಕೆ ಸುಮಾರು 9 ಡಾಲರ್, ಒಂದಕ್ಕೆ 18 ಸೆಂಟ್. ದಿನಕ್ಕೆ ಆರು ನೋಡಿದ್ರೂ ತಿಂಗಳಿಗೆ 33 ಡಾಲರ್ ಒಳಗೆ. ಸ್ಟ್ರಿಪ್ ಅದರದೇ ಮೀಟರಿಗೆ ಮಾತ್ರ ಹೊಂದುತ್ತೆ ಅನ್ನೋದು ಮರೀಬೇಡಿ. ಫೇಸ್‌ಬುಕ್ ಗುಂಪಲ್ಲಿ ಮಾರೋ ಸ್ಟ್ರಿಪ್ ಬೇಡ. ಕಾರಲ್ಲಿ ಬೆಂದಿದ್ದೋ, ತಾರೀಖು ತಿದ್ದಿದ್ದೋ ಹೇಳೋಕಾಗಲ್ಲ, ತಪ್ಪು ಅಂಕಿ ನೋಡಿ ಇನ್ಸುಲಿನ್ ಚುಚ್ಚೋದು ನೀವು.

ಪ್ರಿಸ್ಕ್ರಿಪ್ಷನ್ ಇಲ್ಲದೆ ಸಿಗೋ ಸ್ಟೆಲೊ ಸೆನ್ಸರ್ ಇನ್ಸುಲಿನ್ ತಗೊಳ್ಳದವರಿಗೆ ಮಾಡಿದ್ದು. ಲೋ ಆದ್ರೆ ಕೂಗಲ್ಲ. ಟೈಪ್ 1ರವರು ಅದನ್ನ ನಂಬಿ ಮಲಗಬಾರದು.

ಬೇಗ ಕಿತ್ತುಬಂದ, ಕೆಟ್ಟ ಸೆನ್ಸರುಗಳಿದ್ದರೆ ಕವರೇಜ್ ಇರೋವಾಗಲೇ ಕಂಪನಿಗೆ ಫೋನ್ ಮಾಡಿ ಬದಲಿ ತರಿಸಿ, ಡೆಕ್ಸ್‌ಕಾಮ್, ಲಿಬ್ರೆ ಇಬ್ಬರೂ ಕಳಿಸ್ತಾರೆ. ಸೀರಿಯಲ್ ನಂಬರ್ ಕೇಳ್ತಾರೆ, ಎಸೆದುಬಿಟ್ಟರೆ ಹೋಯ್ತು.

ಪಂಪಿನವರಿಗೆ ಒಂದೇ ಮಾತು. ಪಂಪಿನ ಪಾಡ್ ಖಾಲಿಯಾಗೋ ಮುಂಚೆ ಬೇಸಲ್ (ದಿನವಿಡೀ ಹೋಗೋ ಇನ್ಸುಲಿನ್) ರೇಟ್, ಕಾರ್ಬ್ ರೇಷಿಯೊ, ಕರೆಕ್ಷನ್ ಸೆಟ್ಟಿಂಗ್ ಎಲ್ಲ ಹಾಳೆ ಮೇಲೆ ಬರೀರಿ, ಲ್ಯಾಂಟಸ್ ಪ್ರಿಸ್ಕ್ರಿಪ್ಷನ್ ಒಂದು ಕೈಯಲ್ಲಿರಲಿ. ಪಂಪಲ್ಲಿ ಓಡೋದು ಬರೀ ರ‍್ಯಾಪಿಡ್ ಇನ್ಸುಲಿನ್. ಅದು ನಿಂತ ಕೆಲವೇ ಗಂಟೆಗಳಲ್ಲಿ ಮೈಯಲ್ಲಿ ಇನ್ಸುಲಿನ್ನೇ ಇರಲ್ಲ.

ಲೆಕ್ಕದಪುಸ್ತಕ

ಇಲ್ಲೇ ಎಫ್‌ಎಸ್‌ಎ (ವೈದ್ಯಕೀಯ ಖರ್ಚಿಗೆ ಸಂಬಳದಿಂದ ತೆಗೆದಿಡೋ ಖಾತೆ) ವಿಷಯ. ಕೆಲಸದ ಕೊನೇ ದಿನದ ಖರ್ಚಿನವರೆಗೆ ಅದು ನಿಮ್ಮದು, ಮರುದಿನ ಕಂಪನಿಯದು. ಆದ್ರೆ ವರ್ಷಕ್ಕೆ 2000 ಅಂತ ಬರೆದಿದ್ದರೆ, ಸಂಬಳದಿಂದ ಕಡಿದದ್ದು 500 ಮಾತ್ರ ಆಗಿದ್ರೂ ಪೂರ್ತಿ 2000 ಆ ದಿನದೊಳಗೆ ಬಳಸಬಹುದು. ವಾಪಸ್ ಕೇಳೋ ಹಾಗಿಲ್ಲ. ಸ್ಟ್ರಿಪ್, ಮೀಟರ್, ಸೂಜಿ, ಇನ್ಸುಲಿನ್ ಎಲ್ಲ ಅದರಲ್ಲಿ ಬರುತ್ತೆ. ಎಚ್‌ಎಸ್‌ಎ (ಅಂಥದ್ದೇ ಇನ್ನೊಂದು ಉಳಿತಾಯ ಖಾತೆ) ಹಾಗಲ್ಲ, ಅದು ಯಾವತ್ತೂ ನಿಮ್ಮದೇ, ಕೋಬ್ರಾ ಕಂತನ್ನೂ ಅದರಿಂದ ಕಟ್ಟಬಹುದು.

ರೀಫಿಲ್ಲಿಗೆ "ಟೂ ಸೂನ್" ಅಂತ ಬಂದ್ರೆ ಇನ್ಶೂರೆನ್ಸಿಗೆ ಫೋನ್ ಮಾಡಿ "ವೆಕೇಶನ್ ಓವರ್‌ರೈಡ್" ಕೇಳಿ. ಪ್ರಯಾಣ ಇದ್ರೆ ಮಾತ್ರ, ಸುಳ್ಳು ಹೇಳಬೇಡಿ. ಮೇಲ್-ಆರ್ಡರ್ ಫಾರ್ಮಸಿಲಿ ಉಳಿದಿರೋ ರೀಫಿಲ್ಲನ್ನ ಹತ್ತಿರದ ಅಂಗಡಿಗೆ ಈಗಲೇ ವರ್ಗಾಯಿಸಿ.

ಬಾದಾಮಿಬಂಡೆ

ಇನ್ನ ಕಡೀ ಮಾತ್ರಿ. ಯಾರೂ ಇನ್ಸುಲಿನ್ ಅರ್ಧ ಅರ್ಧ ಮಾಡಿ ದಿನಾ ದೂಡಬ್ಯಾಡ್ರಿ. "ಅನ್ನ ಬಿಟ್ಟೇನಿ, ರೊಟ್ಟಿ ಒಂದ ತಿಂತೀನಿ, ಲ್ಯಾಂಟಸ್ ಯಾಕ" ಅನ್ನಾವ್ರು ಅದಾರ. ಟೈಪ್ 1ಕ್ಕ ಉಪವಾಸ ಇದ್ರೂ ಬೇಸಲ್ ಬೇಕ ಬೇಕು.

ಮಲೆನಾಡಕ್ಕ

ನೂರಕ್ಕೆ ನೂರು. ಶುಗರ್ 250 ದಾಟಿ ಇಳೀತಿಲ್ಲ ಅಂದ್ರೆ ಮೂತ್ರದ ಕೀಟೋನ್ ಸ್ಟ್ರಿಪ್ ಹಾಕಿ ನೋಡಿ, ಯಾವ ಫಾರ್ಮಸಿಲೂ ಚೀಟಿ ಇಲ್ಲದೆ ಸಿಗುತ್ತೆ. ಕೀಟೋನ್ ಮಧ್ಯಮಕ್ಕಿಂತ ಹೆಚ್ಚಿದ್ದು, ವಾಂತಿ, ಹೊಟ್ಟೆನೋವು, ಉಸಿರು ದೀರ್ಘ ಆದ್ರೆ ಎಮರ್ಜೆನ್ಸಿಗೆ. ಇನ್ಶೂರೆನ್ಸ್ ಇಲ್ಲ ಅಂತ ಬಾಗಿಲಲ್ಲಿ ಯೋಚನೆ ಮಾಡ್ಬೇಡಿ. ದುಡ್ಡಿಲ್ಲದಿದ್ರೂ ಪರೀಕ್ಷಿಸಿ ಸ್ಥಿರ ಮಾಡೋದು ಅವರಿಗೆ ಕಾನೂನಿನ ಕಟ್ಟು.

ಲೆಕ್ಕದಪುಸ್ತಕ

ಬಿಲ್ ಬಂದ ಮೇಲೆ: ಲಾಭಕ್ಕಲ್ಲದ ಆಸ್ಪತ್ರೆಗೆ "ಫೈನಾನ್ಶಿಯಲ್ ಅಸಿಸ್ಟೆನ್ಸ್" ನೀತಿ ಇರಲೇಬೇಕು, ಮೊದಲ ಬಿಲ್ಲಿನಿಂದ 240 ದಿನದವರೆಗೆ ಅರ್ಜಿ ತಗೋಬೇಕು. ಕ್ರೆಡಿಟ್ ಕಾರ್ಡಲ್ಲಿ ಕಟ್ಟೋ ಮುಂಚೆ ಆ ಅರ್ಜಿ. ದಿನದ ಡಾಕ್ಟ್ರಿಗೆ ಕಮ್ಯುನಿಟಿ ಹೆಲ್ತ್ ಸೆಂಟರ್, ಆದಾಯಕ್ಕೆ ತಕ್ಕ ಫೀಸು. ಈಗ ಸಂಬಳ ಇಲ್ಲ ಅನ್ನೋದಕ್ಕೆ ಟರ್ಮಿನೇಶನ್ ಲೆಟರ್ ತಗೊಂಡುಹೋಗಿ.

ತುಂಗಾತೀರ

ಉದಾಹರಣೆಗೆ ವಾಪಸ್ ಬರೋದಾದ್ರೆ: ಲ್ಯಾಂಟಸ್ ಪೆನ್ ಕಾರ್ಡಲ್ಲಿ 35, ಲಿಸ್ಪ್ರೊ ವಯಲ್ 25, ಸ್ಟ್ರಿಪ್ 33, ನೂರು ಸಿರಿಂಜ್ 13ರ ಆಸುಪಾಸು. 106 ಡಾಲರ್. ಸರಿ ಇದೆಯಾ ಗೌಡ್ರೆ?

ಗುಳಿಗೆಗೌಡ

ಲ್ಯಾಂಟಸ್ ಪೆನ್ನಿಗೆ ಸೂಜಿ ಬಿಟ್ಟಿದ್ದೀರಿ ಸರ್. ಮತ್ತೆ ಕೀಟೋನ್ ಸ್ಟ್ರಿಪ್.